ಹೊಟ್ಟೆನೋವಿನ ಭಾರ

ನಮ್ಮೂರಲ್ಲಿ ಸತ್ತವರ ಪೈಕಿ ಮುಕ್ಕಾಲು ಪಾಲು ಜನರನ್ನು ಸ್ಮಶಾನ ಮುಟ್ಟಿಸಿದವನು ನಾನೊಬ್ಬನೇ, ಅದೂ ಎಡಗೈಯ ಕಿರುಬೆರಳಿನಲ್ಲಿ. ಬಲಗೈಯಲ್ಲಿ ಬೀಡಿ ಇರುತ್ತಿತ್ತು. ಒಮ್ಮೆ ಜೋಡಿದಾರರ ಮನೆಯ ಮುದುಕರನ್ನು ಮಂಚಸಮೇತ ಎತ್ತಿಕೊಂಡು ಹೊರಟಾಗ, ಮಂಚದ ಕಾಲು ತಬ್ಬಿಕೊಂಡು ಅಳುತ್ತಿದ್ದ ಮೂವರು ಗಂಡುಮಕ್ಕಳು, ಇಬ್ಬರು ಸೊಸೆಯರು, ಮಂಚದ ಕೆಳಗೆ ಮಲಗಿದ್ದ ನಾಯಿ, ಎಲ್ಲರೂ ಗಾಳಿಯಲ್ಲಿ ತೇಲುತ್ತಲೇ ಬಂದರು. ಹೊಳೆ ದಾಟುವಾಗ ನಾಯಿ ಮಾತ್ರ ಹೆದರಿ ನೀರಿಗೆ ಹಾರಿತು. ಅದು ಈಗಲೂ ನನ್ನನ್ನು ಕಂಡರೆ ಬಾಲ ಮುದುರಿಕೊಳ್ಳುತ್ತದೆ. ಬೇಕಿದ್ದರೆ ಹೋಗಿ ಅದನ್ನೇ ಕೇಳಿ.

ನನ್ನ ಹೆಸರು ಸಣ್ಣಪ್ಪ. ಈ ಹೆಸರಿಟ್ಟ ನಮ್ಮಜ್ಜನಿಗೆ ಮುಂದಾಲೋಚನೆ ಇರಲಿಲ್ಲ. ಊರವರು ಅದನ್ನು ತಿದ್ದಿಕೊಂಡು ‘ಹೆಗಲು ಸಣ್ಣಪ್ಪ’ ಎಂದು ಕರೆಯುತ್ತಾರೆ. ಊರಿನ ಸಾವುಗಳ ಲೆಕ್ಕ ಇಡಿಸುವ ಅಂಕಿ ಸಾಹೇಬರಂತೂ ತಮ್ಮ ಕಚೇರಿಯ ಎದುರಿಗೇ ಶಾಲು ಹೊದಿಸಿ ‘ಸರ್ಕಾರಿ ಹೆಗಲು’ ಎಂಬ ಬಿರುದು ಕೊಟ್ಟರು. ಹೆಂಡತಿ ದ್ಯಾವಮ್ಮ ಮಾತ್ರ ಆ ಶಾಲನ್ನು ಮಗುವಿನ ತೊಟ್ಟಿಲಿಗೆ ಹಾಸಿ, ‘ಮನೇಲಿ ಒಂದು ಬಿಂದಿಗೆ ನೀರು ಎತ್ತು ಅಂದ್ರೆ ಸೊಂಟ ಹಿಡ್ಕೋತೀಯ, ನಿಂದ್ಯಾವ ಸೀಮೆ ಹೆಗಲು?’ ಎಂದಳು. ದೊಡ್ಡ ಕೆಲಸಕ್ಕೆಂದು ಮೀಸಲಿಟ್ಟ ಬಲವನ್ನು ಬಿಂದಿಗೆಗೆ ಖರ್ಚು ಮಾಡಬಾರದು ಎಂಬುದು ಅವಳಿಗೆ ಹೇಗೆ ತಿಳಿಯಬೇಕು!

ನಮ್ಮೂರಿನ ಹೆಣಗಳು ಬೇರೆ ಊರಿನ ಹೆಣಗಳ ಹಾಗಲ್ಲ. ಸತ್ತ ಕಾರಣವನ್ನು ಚೌಕದ ಕರಿಹಲಗೆಯ ಮೇಲೆ ಬರೆಯಬೇಕು. ಬರೆದದ್ದು ಸರಿಯಿದ್ದರೆ ನಾಲ್ಕು ಜನ ಸಾಕು, ಚಟ್ಟ ಹಗುರವಾಗಿ ಏಳುತ್ತದೆ. ಸ್ವಲ್ಪ ಹೆಚ್ಚುಕಮ್ಮಿಯಾದರೆ, ಎಂದರೆ ಎದೆನೋವಿನಿಂದ ಹೋದವರಿಗೆ ‘ವಯಸ್ಸು’ ಎಂದು ಬರೆದರೆ, ಇನ್ನಿಬ್ಬರನ್ನು ಕೂಗಬೇಕು. ಪೂರ್ತಿ ಸುಳ್ಳು ಬರೆದರೆ ಇಡೀ ಊರು ಸೇರಿ ಹಗ್ಗ ಕಟ್ಟಿ ಎಳೆದರೂ ಹೆಣ ಚಾಪೆ ಬಿಟ್ಟು ಏಳುವುದಿಲ್ಲ. ಅಂಥವರನ್ನು ಸತ್ತ ಜಾಗದಲ್ಲೇ ನೆಲ ಅಗೆದು ಮುಚ್ಚಿ, ಮೇಲೊಂದು ಕಟ್ಟೆ ಕಟ್ಟುತ್ತಾರೆ. ನಮ್ಮೂರಿನ ಅರ್ಧ ಮನೆಗಳ ನಡುಮನೆಯಲ್ಲಿ ಅಂಥ ಕಟ್ಟೆಯಿದೆ. ಜನ ಹೊಂದಿಕೊಂಡಿದ್ದಾರೆ. ಅದರ ಮೇಲೆ ಉಪ್ಪಿನಕಾಯಿ ಜಾಡಿ ಇಡುತ್ತಾರೆ, ಬಂದವರನ್ನು ಕೂರಿಸಿ ಕಾಫಿ ಕೊಡುತ್ತಾರೆ. ಟೈಲರ್ ಸಿದ್ಧರಾಜು ತನ್ನ ದೊಡ್ಡಪ್ಪನ ಮೇಲೆ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದಾನೆ. ಹೆಣ್ಣು ಕೊಡುವವರು ಮಾತ್ರ ಮೊದಲು ಬಂದು ಚಾಪೆ ಎತ್ತಿ ನೋಡುತ್ತಾರೆ.

ಕರಿಹಲಗೆಯ ಮೇಲೆ ಜ್ವರ, ವಯಸ್ಸು, ಎದೆನೋವು, ಹಾವು, ನೀರು ಎಂದೆಲ್ಲ ಗೆರೆ ಎಳೆದ ಮನೆಗಳಿವೆ. ಇವುಗಳ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಬರೆಯುವುದು ಕಚೇರಿಯ ಕಾಂತರಾಜ. ಆದರೆ ‘ಕೊಲೆ’ ಮತ್ತು ‘ವಿಷ’ ಎಂಬ ಕೊನೆಯ ಎರಡು ಮನೆಗಳಲ್ಲಿ ಸೊನ್ನೆಯನ್ನು ಎಣ್ಣೆಬಣ್ಣದಲ್ಲೇ ಬರೆಸಿಬಿಟ್ಟಿದ್ದಾರೆ. ರಾಜಧಾನಿಯವರು ವರ್ಷಕ್ಕೊಮ್ಮೆ ಬಂದು ಈ ಎರಡು ಸೊನ್ನೆಗಳಿಗೆ ನಮಸ್ಕಾರ ಮಾಡಿ, ಊರಿಗೆ ಒಂದು ಬೆಳ್ಳಿತಟ್ಟೆ ಕೊಟ್ಟು ಹೋಗುತ್ತಾರೆ. ತಟ್ಟೆಯ ಹಿಂದೆಯೇ ಡಾಂಬರು ಬಂತು, ದೀಪದ ಕಂಬ ಬಂತು, ಬೀದಿಗೊಂದು ನಲ್ಲಿ ಬಂತು. ಸೊನ್ನೆ ಹೋದರೆ ನಲ್ಲಿಯೂ ಹೋಗುತ್ತದೆ ಎಂಬುದು ಕೊಡ ಹಿಡಿದ ಮಕ್ಕಳಿಗೂ ಗೊತ್ತು.

ಹಾಗೆಂದು ನಮ್ಮೂರಲ್ಲಿ ಯಾರೂ ಯಾರಿಗೂ ವಿಷ ಹಾಕುವುದಿಲ್ಲ ಎಂದುಕೊಂಡರೆ ನೀವು ನಮ್ಮೂರಿನ ಜನರ ಸಾಮರ್ಥ್ಯವನ್ನು ಕಡೆಗಣಿಸಿದಂತೆ. ವಿಷದಲ್ಲಿ ಸತ್ತವರೆಲ್ಲ ‘ಹೊಟ್ಟೆನೋವು ತಾಳಲಾರದೆ’ ಎಂಬ ಮನೆಗೆ ಹೋಗುತ್ತಾರೆ. ಬಾವಿಯ ಜಗಳದಲ್ಲಿ ಅಣ್ಣತಮ್ಮಂದಿರು ಮಚ್ಚಿನಿಂದ ಕೊಚ್ಚಿದ ಬೋರಲಿಂಗನನ್ನೂ ಅಲ್ಲಿಗೇ ಸೇರಿಸಿದರು. ಆ ಹೆಣದ ಮುಂದೆ ನಿಂತು ಕಾಂತರಾಜ ತಲೆ ಕೆರೆದುಕೊಂಡಾಗ ಅಂಕಿ ಸಾಹೇಬರು ಸ್ವಲ್ಪ ಯೋಚಿಸಿ, ‘ಹೊಟ್ಟೆನೋವು ಅಂತಲೇ ಬರೀರಿ. ಬೆನ್ನಿನ ಕಡೆಯಿಂದ ಬಂದದ್ದು’ ಎಂದರು.

ಆ ಬೋರಲಿಂಗನ ಹೆಣವೇ ನನ್ನ ಭಾಗ್ಯದ ಬಾಗಿಲು ತೆರೆದದ್ದು. ಊರಿನ ಗಂಡಸರೆಲ್ಲ ಎತ್ತಿ ಸೋತರು. ಎತ್ತಿನ ಜೋಡಿ ಕಟ್ಟಿದರು, ಎತ್ತುಗಳು ಅಳುತ್ತಾ ಕೊಟ್ಟಿಗೆಗೆ ಓಡಿದವು. ನಾನು ಮುಂದೆ ಹೋದೆ. ಎಲ್ಲರನ್ನೂ ದೂರ ಸರಿಸಿದೆ. ಹೆಣದ ಪಕ್ಕ ಮಂಡಿಯೂರಿ, ಕಿವಿಯ ಹತ್ತಿರ ಬಗ್ಗಿ, ನನ್ನ ಗರಡಿ ಗುರುಗಳು ಕೊಟ್ಟ ಮಂತ್ರ ಹೇಳಿದೆ. ಎದ್ದೆ. ಬೋರಲಿಂಗನೂ ನನ್ನ ಜೊತೆಗೇ ಎದ್ದ, ಹತ್ತಿಯ ಗಂಟಿನ ಹಾಗೆ. ಅಂದು ಜನ ಹಾಕಿದ ಶಿಳ್ಳೆಗೆ ಮರದಲ್ಲಿದ್ದ ಕಾಯಿಗಳೆಲ್ಲ ಒಟ್ಟಿಗೇ ಉದುರಿದವು.

ಅಂಕಿ ಸಾಹೇಬರು ಮರುದಿನವೇ ಹೊಸ ಕಾನೂನು ತಂದರು. ‘ಎದ್ದ ಹೆಣಕ್ಕೆ ಹಲಗೆಯಲ್ಲಿ ಬರೆದ ಕಾರಣವೇ ನಿಜವಾದ ಕಾರಣ.’ ಅಲ್ಲಿಂದ ಮುಂದೆ ಅನುಮಾನದ ಸಾವು ಎಲ್ಲೇ ಆಗಲಿ, ನನ್ನನ್ನು ಕರೆಸುವರು. ಕಾಂತರಾಜ ‘ಹೊಟ್ಟೆನೋವು’ ಎಂದು ಬರೆಯುವನು, ನಾನು ಮಂತ್ರ ಹೇಳಿ ಎತ್ತುವೆನು, ಸಾಹೇಬರು ಗಡಿಯಾರ ನೋಡಿಕೊಂಡು ‘ಲೆಕ್ಕ ಸರಿ’ ಎನ್ನುವರು. ಹೊಸ ಕಟ್ಟೆ ಕಟ್ಟುವುದು ನಿಂತುಹೋಯಿತು. ನನ್ನ ಕೀರ್ತಿ ಎಷ್ಟು ಹಬ್ಬಿತೆಂದರೆ, ಪಕ್ಕದ ಊರುಗಳವರು ಸಾಯಲೆಂದೇ ನಮ್ಮೂರಿಗೆ ಬರತೊಡಗಿದರು.

ಹೀಗಿರುವಾಗ ಇಂದ್ರಾಣಿ ಸತ್ತಳು.

ಅವಳು ಚೌಡಮ್ಮನ ಒಬ್ಬಳೇ ಮಗಳು. ಚೌಡಮ್ಮ ಬೇಳೆ ಮಿಲ್ಲಿನಲ್ಲಿ ಜರಡಿ ಹಿಡಿಯುವವಳು. ಸಣ್ಣ ಜೀವ, ನಾನು ಕೆಮ್ಮಿದರೆ ಹಾರಿಹೋಗುವಷ್ಟು. ಇಂದ್ರಾಣಿಯನ್ನು ಚೌಕದ ಎದುರಿಗೇ ಇರುವ ಗೊಬ್ಬರದಂಗಡಿ ರುದ್ರೇಶನಿಗೆ ಕೊಟ್ಟಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಯೂರಿಯಾ ಮೂಟೆಗಳು, ಬೆಳೆಗೆ ಹೊಡೆಯುವ ಔಷಧಿಯ ಸಾಲುಸಾಲು ಬಾಟಲಿಗಳು. ರುದ್ರೇಶ ಊರಿನಲ್ಲಿ ಮರ್ಯಾದಸ್ಥ. ತಟ್ಟೆ ತರುವವರಿಗೆ ಹಾರ ಹಾಕುವವನು ಪ್ರತಿ ವರ್ಷವೂ ಅವನೇ.

ಅವಳು ಸತ್ತದ್ದು ತಟ್ಟೆ ಬರುವ ದಿನವೇ, ಬೆಳಗ್ಗೆ. ಮಧ್ಯಾಹ್ನದ ಹೊತ್ತಿಗೆ ರಾಜಧಾನಿಯವರು ಬಂದುಬಿಡುತ್ತಾರೆ, ಚೌಕದ ಎದುರಿಗೇ ಹೆಣ. ಅಂಕಿ ಸಾಹೇಬರು ನನಗೆ ಜೀಪು ಕಳಿಸಿದರು. ನಾನು ಹೋಗುವಷ್ಟರಲ್ಲಿ ಊರೆಲ್ಲ ಅಲ್ಲಿತ್ತು. ಕಾಂತರಾಜ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದ, ‘ಹೊಟ್ಟೆನೋವು’ ಎಂಬಲ್ಲಿ ಆಗಲೇ ಒಂದು ಗೆರೆ ಹೆಚ್ಚಿಸಿದ್ದ. ಅಂಗಡಿಯ ಜಗುಲಿಯ ಮೇಲೆ ಚಾಪೆ, ಚಾಪೆಯ ಮೇಲೆ ಇಂದ್ರಾಣಿ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚೌಡಮ್ಮ ಕೂತಿದ್ದಳು. ಆ ತಲೆಯ ಭಾರಕ್ಕೆ ಅವಳ ಕಾಲುಗಳು ಜೋಮು ಹಿಡಿದು ನೀಲಿಗಟ್ಟಿದ್ದವು, ಆದರೂ ಅಲುಗಾಡಿರಲಿಲ್ಲ.

‘ಸಣ್ಣಪ್ಪ, ಬೇಗ ಮುಗಿಸಪ್ಪ’ ಎಂದರು ಸಾಹೇಬರು. ‘ಹೂವಿನ ಕಮಾನು ಇಲ್ಲೇ ಕಟ್ಟಬೇಕು.’

‘ಒಂದು ಬೀಡಿಯಷ್ಟು ಹೊತ್ತು ಸ್ವಾಮಿ’ ಎಂದೆ.

ಚೌಡಮ್ಮ ತಲೆಯೆತ್ತಿದಳು. ಅತ್ತಿರಲಿಲ್ಲ. ‘ಎತ್ಬೇಡ ಕಣಪ್ಪ.’

‘ಯಾಕವ್ವ?’

‘ನನ್ನ ಮಗಳಿಗೆ ಹೊಟ್ಟೆನೋವು ಅಂತ ಬರ್ದವ್ರೆ. ಅವಳಿಗೆ ಹುಟ್ಟಿದಾಗಿಂದ ಹೊಟ್ಟೆನೋವು ಅನ್ನೋದೇ ಬಂದಿಲ್ಲ. ಕಲ್ಲು ತಿಂದ್ರೂ ಅರಗಿಸ್ಕೋತಿದ್ಲು. ನಾನು ಜರಡಿ ಹಿಡ್ದು ತೆಗ್ದ ಕಲ್ಲೆಲ್ಲ ಅವಳಿಗೇ ಹಾಕಿ ಸಾಕಿದೀನಿ ಅಂತ ಮಿಲ್ಲಲ್ಲಿ ನಗಾಡೋರು.’

ರುದ್ರೇಶ ಕಂಬಕ್ಕೆ ಒರಗಿದ್ದವನು, ‘ಅತ್ತೆ, ಹಣೆಬರಹ. ಜನ ನೋಡ್ತಾವ್ರೆ, ಎದ್ದೇಳಿ’ ಎಂದ.

‘ನೋಡ್ಲಿ ಅಂತಲೇ ಕೂತಿರೋದು ಕಣಯ್ಯ’ ಎಂದಳು. ಮತ್ತೆ ನನ್ನ ಕಡೆ ತಿರುಗಿದಳು. ‘ನೀನು ಎತ್ತಿದ್ರೆ ಸುಳ್ಳು ನಿಜ ಆಗೋಯ್ತದೆ. ಇವ್ಳು ಇಲ್ಲೇ ಬಿದ್ದಿರ್ಲಿ. ತಟ್ಟೆ ತರೋರು ಇವ್ಳನ್ನ ದಾಟ್ಕೊಂಡು ಹೋಗ್ಲಿ. ಒಂದೇ ಒಂದು ದಿನ, ನಿನ್ನ ಕೈಲಿ ಆಗ್ಲಿಲ್ಲ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ ಅನ್ನಕ್ಕೂ ಆಗ್ತಿಲ್ಲ, ಕಾಲು ಏಳ್ತಿಲ್ಲ.’

ನನ್ನ ಕೈಲಿ ಆಗಲಿಲ್ಲ ಎನ್ನುವುದೇ! ಊರೆಲ್ಲ ಸುತ್ತ ನಿಂತಿದೆ, ಮಕ್ಕಳು ಮರದ ಮೇಲಿಂದ ‘ಹೆಗಲು! ಹೆಗಲು!’ ಎಂದು ಕೂಗುತ್ತಿವೆ. ಅಂಥ ಮಾತು ನನ್ನ ಬಾಯಿಂದ ಬರುವ ಹಾಗಿದ್ದರೆ ನಾನು ಯಾವಾಗಲೋ ಒಳ್ಳೆಯ ಮನುಷ್ಯನಾಗಿರುತ್ತಿದ್ದೆ. ‘ಸ್ವಲ್ಪ ಸರಿಯವ್ವ, ಮಂತ್ರ ಹೇಳಬೇಕು’ ಎಂದೆ. ಅವಳು ಸರಿಯಲಿಲ್ಲ. ಬೇರೆ ದಾರಿಯಿಲ್ಲದೆ ಅವಳ ತೊಡೆಯ ಹತ್ತಿರವೇ ಬಗ್ಗಿ, ಇಂದ್ರಾಣಿಯ ಕಿವಿಯಲ್ಲಿ, ನನಗೇ ಕೇಳಿಸದಷ್ಟು ಮೆಲ್ಲಗೆ ಮಂತ್ರ ಹೇಳಿದೆ. ಆಮೇಲೆ ಎರಡೂ ಕೈಯಲ್ಲಿ ಅವಳನ್ನು ಎತ್ತಿ ನಿಂತೆ.

ಮೇಲೆ ಹಾರುತ್ತಿದ್ದ ಹದ್ದುಗಳು ಅಲ್ಲಲ್ಲೇ ನಿಂತು ನೋಡಿದವು. ಜನ ಶಿಳ್ಳೆ ಹಾಕಿದರು. ಸಾಹೇಬರು ಗಡಿಯಾರ ನೋಡಿಕೊಂಡು, ‘ಹೆಣ ಎದ್ದಿದೆ. ಕಾರಣ ಹೊಟ್ಟೆನೋವು. ಲೆಕ್ಕ ಸರಿ’ ಎಂದರು. ರುದ್ರೇಶ ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡ.

ಚೌಡಮ್ಮ ಗೋಡೆ ಹಿಡಿದು ಎದ್ದು ನಿಂತಳು. ಕಿರುಚುತ್ತಾಳೆ, ನನಗೆ ಶಾಪ ಹಾಕುತ್ತಾಳೆ ಎಂದುಕೊಂಡೆ. ಅವಳು ತೀರಾ ಸಾಮಾನ್ಯ ದನಿಯಲ್ಲಿ, ‘ಭಾರಿ ಬಲ ಕಣಪ್ಪ ನಿಂದು’ ಎಂದಳು. ‘ಅವಳನ್ನ ಕೆಳಗಿಳಿಸಿ, ಆ ಯೂರಿಯಾ ಮೂಟೇನ ಒಂದ್ಸಲ ಎತ್ತು ನೋಡಾಣ.’

‘ಮೂಟೆ ಯಾಕವ್ವ?’

‘ಊರೇ ಎಳೆದ್ರೂ ಏಳ್ದಿರೋ ಹೆಣ ಎತ್ತೋನು. ಒಂದು ಮೂಟೆ ನಿಂಗೇನು ಲೆಕ್ಕ?’

ಜನರಿಗೆ ಇದು ಮೋಜೆನಿಸಿತು. ‘ಎತ್ತಣ್ಣ! ಕಿರುಬೆರಳಲ್ಲಿ ಎತ್ತು!’ ಎಂದು ಕೂಗಿದರು. ಟೈಲರ್ ಸಿದ್ಧರಾಜು, ‘ಎರಡು ಎತ್ತಣ್ಣ, ಒಂದು ಎತ್ತಿದ್ರೆ ಮರ್ಯಾದೆ ಅಲ್ಲ’ ಎಂದ. ಇಂದ್ರಾಣಿಯನ್ನು ಚಾಪೆಯ ಮೇಲೆ ಮಲಗಿಸಿದೆ. ಇವತ್ತು ಅಮಾವಾಸ್ಯೆ, ಗೊಬ್ಬರ ಮುಟ್ಟಬಾರದು ಎಂದೆ. ಅಮಾವಾಸ್ಯೆ ಆಗಿರಲಿಲ್ಲ. ಮೂಟೆಯ ಎರಡು ಕಿವಿ ಹಿಡಿದೆ. ಎಳೆದೆ. ಮೂಟೆ ತನ್ನ ಪಾಡಿಗೆ ಕೂತಿತ್ತು. ಮಂಡಿ ಊರಿ ತಬ್ಬಿಕೊಂಡೆ. ಬೆವರು ಕಣ್ಣಿಗಿಳಿಯಿತು, ಸೊಂಟದಲ್ಲಿ ಏನೋ ಚಳಕ್ ಎಂದಿತು, ಮೂಟೆಯ ಸಮೇತ ಮಗುಚಿ ಬಿದ್ದೆ. ಮೂಟೆ ನನ್ನ ಮೇಲಿತ್ತು. ‘ಯಾರಾದ್ರೂ ತೆಗೀರಪ್ಪ’ ಎಂದು ಕೇಳಬೇಕಾಯಿತು. ಹಮಾಲಿ ಒಬ್ಬ ಬಂದು ಅದನ್ನು ಎತ್ತಿ ಪಕ್ಕಕ್ಕೆ ಹಾಕಿದ.

ಜನ ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಗುಂಪಿನ ನಡುವಿನಿಂದ ನನ್ನ ಹೆಂಡತಿಯ ದನಿ ಬಂತು: ‘ನಾನು ಅವತ್ತೇ ಹೇಳಿದ್ನಲ್ಲ, ಬಿಂದಿಗೇನೂ ಏಳಲ್ಲ ಅಂತ!’

ಚೌಡಮ್ಮ ನಗಲಿಲ್ಲ. ಅವಳು ಕಾಯುತ್ತಿದ್ದಳು. ನಗು ತಾನಾಗಿಯೇ ಅಡಗುವವರೆಗೂ ಕಾದಳು. ಆಮೇಲೆ ಕೇಳಿದಳು: ‘ನಿಂಗೆ ಬಲ ಇಲ್ಲ. ಹಂಗಾದ್ರೆ ನನ್ನ ಮಗಳು ಹೆಂಗೆ ಎದ್ಲು?’

ಚೌಕದ ನಲ್ಲಿಯಿಂದ ಕೊಡಕ್ಕೆ ನೀರು ಬೀಳುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

‘ಮಂತ್ರಬಲ’ ಎಂದೆ, ಬಿದ್ದಲ್ಲಿಂದಲೇ.

‘ಆ ಮಂತ್ರ ನಂಗೂ ಕೇಳ್ತು. ನನ್ನ ತೊಡೆ ಮೇಲೆ ತಾನೆ ಅವಳ ತಲೆ ಇದ್ದಿದ್ದು? ನೀನು ಮೊದಲನೇ ಮಾತು ಅಂದೆ, ಭಾರ ಹಂಗೇ ಇತ್ತು. ಎರಡನೇ ಮಾತು ಅಂದೆ, ಹಂಗೇ ಇತ್ತು. ಮೂರನೇ ಮಾತಿಗೆ ನನ್ನ ಕಾಲಿಗೆ ಜೀವ ಬಂತು. ಹಕ್ಕಿ ಎದ್ದೋದಂಗಾಯ್ತು.’ ಅವಳು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ‘ಆ ಮೂರನೇ ಮಾತು ಜೋರಾಗಿ ಹೇಳು ಸಣ್ಣಪ್ಪ. ನಾನು ಹೇಳಿದ್ರೆ ಹೆತ್ತೋಳು, ಹೊಟ್ಟೆಯುರಿಗೆ ಹೇಳ್ತಾಳೆ ಅಂತಾರೆ.’

ಅಂಕಿ ಸಾಹೇಬರು ಹತ್ತಿರ ಬಂದು, ನನ್ನನ್ನು ಎತ್ತಿ ಕೂರಿಸುವವರಂತೆ ಬಗ್ಗಿ, ಕಿವಿಯಲ್ಲಿ ಹೇಳಿದರು. ಅವರೂ ಒಂದು ಬಗೆಯ ಮಂತ್ರವನ್ನೇ ಹೇಳಿದರು: ‘ಯೋಚನೆ ಮಾಡಪ್ಪ. ನಿನ್ನ ಬಿರುದು ಒಂದೇ ಅಲ್ಲ. ನೀರು, ದೀಪ, ರಸ್ತೆ. ನಾಳೆ ಊರಿನ ಹೆಂಗಸರು ಹೊಳೆಗೆ ಹೋಗುವಾಗ ನಿನ್ನ ಮನೆ ಮುಂದೆಯೇ ಹೋಗಬೇಕು.’ ಗುಂಪಿನಲ್ಲಿ ಯಾರೋ, ‘ಬ್ಯಾಡ ಕಣಣ್ಣ, ಬಿಟ್ಬಿಡು, ಸತ್ತೋಳು ಬರಲ್ಲ’ ಎಂದರು. ಅದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು.

ಆಗ ನಾನು ಎದ್ದು, ಎದೆ ತಟ್ಟಿ, ಏಳು ಊರಿಗೆ ಕೇಳುವಂತೆ ಗುಡುಗಿದೆ. ಆ ಗುಡುಗಿಗೆ ರುದ್ರೇಶನ ಅಂಗಡಿಯ ಬಾಟಲಿಗಳೆಲ್ಲ ಚೂರಾದವು.

ಇಲ್ಲ. ಒಂದು ಬಾಟಲಿಯೂ ಒಡೆಯಲಿಲ್ಲ. ನಾನು ಏಳಲೂ ಇಲ್ಲ, ಸೊಂಟ ಉಳುಕಿತ್ತು. ಅಂಗಡಿಯ ಕಸದಲ್ಲಿ ಕೂತುಕೊಂಡೇ ಮಾತಾಡಿದೆ, ಮೈಯೆಲ್ಲ ಗೊಬ್ಬರದ ಹುಡಿ. ಅಲ್ಲಿ ನಾನು ಹೇಳಿದ್ದನ್ನು ಈಗ ಹೆಚ್ಚುಕಮ್ಮಿ ಮಾಡದೆ ಬರೆಯುತ್ತೇನೆ.

‘ನನಗೆ ಯಾವ ಗುರುವೂ ಇರ್ಲಿಲ್ಲ, ಯಾವ ಗರಡಿಗೂ ಹೋದವನಲ್ಲ. ನಾಲ್ಕು ಜನ ಸೇರಿ ಹೊರೋ ಹೆಣದಲ್ಲೂ ನಾನು ಹಿಂದಿನ ಕೊನೆ ಹಿಡೀತಿದ್ದೆ, ಹಿಡಿದಂಗೆ ಮಾಡ್ತಿದ್ದೆ. ಬೋರಲಿಂಗ ಸತ್ತಾಗ ಅವನ ಪಕ್ಕ ಕೂತು ಸುಮ್ನೆ ಬೇಜಾರಿಗೆ, ‘‘ಅಣ್ಣತಮ್ಮಂದ್ರೇ ಕೊಂದ್ಬಿಟ್ರಲ್ಲ ಕಣಯ್ಯ’’ ಅಂದೆ. ಅವನ ಕೈ ನನ್ನ ಕೈಯಲ್ಲಿತ್ತು. ಹಗುರ ಆಯ್ತು. ಅಷ್ಟೇ ನನ್ನ ಮಂತ್ರ. ಅಲ್ಲಿಂದಾಚೆಗೆ ಪ್ರತಿಯೊಬ್ಬರ ಕಿವೀಲೂ ಕೇಳ್ತಾ ಹೋಗ್ತೀನಿ. ಇದಾ? ಅದಾ? ಇವ್ನಾ? ಅವ್ಳಾ? ನಿಜ ಬಂದ ತಕ್ಷಣ ಏಳ್ತಾರೆ. ಅವ್ರಿಗೆ ಬೇಕಾಗಿರೋದು ಯಾರಾದ್ರೂ ಒಬ್ರು ಹೇಳೋದು. ನಾನು ಹೇಳ್ತಿದ್ದೆ. ಅವ್ರಿಗೆ ಮಾತ್ರ ಹೇಳ್ತಿದ್ದೆ.’

‘ಸಾಕು’ ಎಂದರು ಸಾಹೇಬರು.

‘ಇಂದ್ರಾಣಿ ಕಿವೀಲಿ ಮೊದಲು ಹೊಟ್ಟೆನೋವಾ ಅಂದೆ. ಇಲ್ಲ. ನೀನೇ ಕುಡಿದ್ಯೇನವ್ವ ಅಂದೆ. ಇಲ್ಲ. ಮೂರನೇದು...’ ನನ್ನ ದನಿ ಇಲಿಯ ದನಿಯಷ್ಟಾಗಿತ್ತು. ರುದ್ರೇಶ ನನ್ನನ್ನೇ ನೋಡುತ್ತಿದ್ದ. ‘ಮೂರನೇದು, ನಿನ್ನ ಗಂಡ ಅಂಗಡಿ ಬಾಟ್ಲಿಯಿಂದ ಹಾಕಿಕೊಟ್ನಾ ಅಂದೆ. ಎದ್ಲು.’

ರುದ್ರೇಶ ಗಟ್ಟಿಯಾಗಿ ನಕ್ಕ. ‘ಹೆಣ ಹೇಳ್ತು ಅಂದ್ರೆ ಯಾವ ಕೋರ್ಟಲ್ಲಿ ಕೇಳ್ತಾರೋ ಹುಚ್ಚ?’

‘ಕೋರ್ಟು ಆಮೇಲೆ ನೋಡಾಣ’ ಎಂದಳು ಚೌಡಮ್ಮ. ‘ಮೊದ್ಲು ಹಲಗೆ.’ ಅವಳು ಚಾಪೆಯ ಹತ್ತಿರ ಹೋಗಿ, ಬಗ್ಗಿ, ಕುತ್ತಿಗೆಯ ಕೆಳಗೊಂದು ಕೈ, ಮಂಡಿಯ ಕೆಳಗೊಂದು ಕೈ ಕೊಟ್ಟು, ತನಗಿಂತ ಉದ್ದವಿದ್ದ ಮಗಳನ್ನು ಎತ್ತಿಕೊಂಡಳು. ಯಾರ ಸಹಾಯವೂ ಇಲ್ಲದೆ, ಉಸಿರೂ ಬಿಗಿಹಿಡಿಯದೆ. ಇಂದ್ರಾಣಿಯ ಜಡೆ ನೆಲಕ್ಕೆ ತಾಗುತ್ತಿತ್ತು. ಒಬ್ಬಳು ಹೆಂಗಸು ಓಡಿಬಂದು ಅದನ್ನೆತ್ತಿ ಮೈಮೇಲಿಟ್ಟಳು. ಚೌಡಮ್ಮ ಜಗುಲಿ ಇಳಿದು, ಬೀದಿ ದಾಟಿ, ಕರಿಹಲಗೆಯ ಮುಂದೆ ಹೋಗಿ ನಿಂತಳು. ರುದ್ರೇಶನ ನಗು ನಿಂತಿತ್ತು. ಅವನು ಒಳಕ್ಕೆ ಹೋಗಲು ತಿರುಗಿದ. ಬಾಗಿಲಲ್ಲಿ ಆ ಹಮಾಲಿ ನಿಂತಿದ್ದ, ಸರಿಯಲಿಲ್ಲ.

‘ಬರಿಯಪ್ಪ’ ಎಂದಳು ಚೌಡಮ್ಮ ಕಾಂತರಾಜನಿಗೆ. ‘ನಂಗೆ ಕೈ ನೋಯಲ್ಲ. ಎಷ್ಟು ಹೊತ್ತಾದ್ರೂ ನಿಂತಿರ್ತೀನಿ.’

‘ಕಾಂತರಾಜ, ಕೆಳಗಿಡು ಸೀಮೆಸುಣ್ಣ’ ಎಂದರು ಸಾಹೇಬರು. ‘ಅವರು ಬರುವ ಹೊತ್ತಾಯಿತು.’

ಕಾಂತರಾಜ ಹಲಗೆಯ ಕಡೆ ನೋಡಲಿಲ್ಲ, ಸಾಹೇಬರ ಕಡೆ ನೋಡಲಿಲ್ಲ. ಬೀದಿ ದಾಟಿ ನಾನು ಕೂತಿದ್ದಲ್ಲಿಗೆ ಬಂದ. ಅವನ ಅಕ್ಕ ರೇವತಿ ಎರಡು ವರ್ಷದ ಹಿಂದೆ ಗಂಡನ ಮನೆಯಲ್ಲಿ ತೀರಿಕೊಂಡಿದ್ದಳು. ಅವಳ ಹೆಸರಿನ ಗೆರೆಯನ್ನು ಹೊಟ್ಟೆನೋವಿನ ಮನೆಗೆ ಸೇರಿಸಿದವನು ಅವನೇ, ಎತ್ತಿದವನು ನಾನು.

‘ನಮ್ಮಕ್ಕನ ಕಿವೀಲಿ ಏನಂದಿದ್ದೆ?’ ಎಂದ.

ಅವನ ಭಾವ ಗುಂಪಿನಲ್ಲೇ ಇದ್ದ, ತಟ್ಟೆಯ ಮೆರವಣಿಗೆಗೆಂದು ಹೊಸ ಪಂಚೆ ಉಟ್ಟು. ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಿ, ಬೇಡವೆಂದು ತಲೆಯಾಡಿಸಿದ. ಅಭ್ಯಾಸಬಲದಿಂದ ನಾನು ಕಾಂತರಾಜನ ಕಿವಿಯ ಕಡೆಗೆ ಬಗ್ಗಿ, ಪಿಸುದನಿಯಲ್ಲಿ ಹೇಳಿದೆ.

ಅವನು ಕಣ್ಣು ಮುಚ್ಚಿ ತೆರೆದ. ಬೆರಳುಗಳ ನಡುವೆ ಸೀಮೆಸುಣ್ಣವನ್ನು ಸರಿಮಾಡಿಕೊಂಡ.

‘ಸ್ವಲ್ಪ ಜೋರಾಗಿ ಹೇಳಣ್ಣ’ ಎಂದ. ‘ಬರ್ಕೋಬೇಕು.’